ಮೇಡಂ ಬೊರಿವಲಿಗೆ ಯಾಕೆ ಬಂದರು

ಪರೇಲ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದ ನಾನು ಕೆಲವೇ ತಿಂಗಳಲ್ಲಿ ಹೋಗುವುದನ್ನು ನಿಲ್ಲಿಸಿಬಿಟ್ಟೆ. ಮನೆಯಲ್ಲಿ ಮೊದಲು ರಜೆ ಎಂದೆ, ಆಮೇಲೆ ಹೊಟ್ಟೆನೋವು ಎಂದೆ. ಅಮ್ಮ ಎರಡನ್ನೂ ನಂಬಲಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಫೋನು ಇಟ್ಟ ಜಾಗದಿಂದ ಸರಿದಿರುತ್ತಿತ್ತು.

"ಯಾರಾದ್ರೂ ಹುಡುಗ ಉಂಟಾ?" ಎಂದು ಒಂದು ದಿನ ನೇರವಾಗಿಯೇ ಕೇಳಿದಳು.

ಹುಡುಗ ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತೇನೋ. ರಕ್ತ ತೆಗೆಯುವುದನ್ನು ನಾವು ಒಬ್ಬರ ಕೈ ಮೇಲೆ ಒಬ್ಬರು ಕಲಿಯುತ್ತಿದ್ದೆವು. ನಾನು ಚುಚ್ಚಿದ ಹುಡುಗಿಯ ತೋಳು ಊದಿಕೊಂಡು ನೀಲಿಗಟ್ಟಿತು. ಅವಳು ಅತ್ತಳು. ಮರುದಿನ ನಾನು ಸಿರಿಂಜ್ ಹಿಡಿದಾಗ ನನ್ನ ಮುಂದೆ ಕೈ ಚಾಚುವವರು ಯಾರೂ ಇರಲಿಲ್ಲ. ಅದರ ಮರುದಿನ ನಾನು ಲೋಕಲ್ ರೈಲು ಹತ್ತಲೇ ಇಲ್ಲ.

ನಮಗೆ ಪಾಠ ಮಾಡುತ್ತಿದ್ದ ಮೇಡಂ ಧಾರವಾಡದ ಕಡೆಯವರು. ಅವರು ಫೋನು ಮಾಡಿದರು, ನಾನು ಎತ್ತಲಿಲ್ಲ. ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಅಪ್ಪನಿಗೆ ಮಾಡಿದರು. ಅಪ್ಪ ಗಿರಾಕಿಗಳ ಗದ್ದಲದಲ್ಲಿ ಏನು ಹೇಳಿದರೋ, ಒಂದು ಭಾನುವಾರ ಮೇಡಂ ಬೊರಿವಲಿಯ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತರು.

"ಯಾಕವಾ, ಆರಾಮ ಇಲ್ಲೇನು?" ಎಂದರು.

ಅಮ್ಮ ಚಹಾ ಕೊಟ್ಟಳು, ಆದರೆ ತಾನು ಕೂರಲಿಲ್ಲ. ಗೋಡೆಗೆ ಒರಗಿ ನಿಂತು ಅವರ ಚಪ್ಪಲಿಯಿಂದ ಕಿವಿಯ ಓಲೆಯವರೆಗೆ ನೋಡಿದಳು. "ಫೀಸು ಪೂರ್ತಿ ಕಟ್ಟಿ ಆಗಿದೆ. ಮತ್ತೆ ಎಂತಕ್ಕೆ ಇಷ್ಟು ದೂರ ಬಂದದ್ದು?"

"ಹುಡುಗಿ ಬರವಲ್ಲಳು ಅಂತ ಬಂದೇನ್ರಿ, ಅಕ್ಕಾರ."

"ಬೇರೆ ಮಕ್ಕಳ ಮನೆಗೂ ಹೋಗ್ತೀರಾ?"

"ಹೋಗೇನಿ. ಒಂದಿಬ್ಬರ ಮನ್ಯಾಗ ಬಾಗಲಾನ ತಗೀಲಿಲ್ಲ."

ಅವರು ಹೋದ ಮೇಲೆ ಅಮ್ಮ ಲೋಟ ತೊಳೆಯುತ್ತಾ ತೀರ್ಪು ಕೊಟ್ಟಳು. ಈ ಹೆಂಗಸಿಗೆ ಮದುವೆಗೆ ಬಂದ ತಮ್ಮ ಇರಬೇಕು, ಹುಡುಗಿ ನೋಡಲು ಬಂದದ್ದು. ಆದರೂ ಮನೆಯಲ್ಲಿ ಸುಮ್ಮನೆ ಕೂತ ಮಗಳ ಮೇಲೆ ಅವಳಿಗೆ ಇನ್ನೂ ಹೆಚ್ಚು ಅನುಮಾನವಿತ್ತು. ಸೋಮವಾರ ನನ್ನನ್ನು ಕರೆದುಕೊಂಡು ತಾನೇ ಹೊರಟಳು.

ಅಮ್ಮ ಕಾಲೇಜಿನ ಕಾರಿಡಾರಿನ ಬೆಂಚಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತಳು. ಮೇಡಂ ಹಾದುಹೋಗುವಾಗ ತಡೆದು, ತಮ್ಮ ಇದ್ದಾನಾ ಎಂದು ಕೇಳಿಯೇಬಿಟ್ಟಳಂತೆ.

"ತಮ್ಮ ಅದಾನ್ರಿ," ಎಂದರಂತೆ ಮೇಡಂ. "ಎರಡು ಮಕ್ಕಳ ತಂದಿ."

ನನಗೂ ಅವರ ಮೇಲೆ ನಂಬಿಕೆ ಇರಲಿಲ್ಲ. ಯಾರೂ ಕೋರ್ಸು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಬೇಕೆಂದು ಪ್ರಿನ್ಸಿಪಾಲರು ಒಬ್ಬೊಬ್ಬ ಟೀಚರಿಗೆ ಕೆಲವು ಮಕ್ಕಳನ್ನು ಹಂಚಿದ್ದಾರೆ ಎಂದು ಆಫೀಸಿನ ಗುಮಾಸ್ತೆ ಹೇಳಿದ್ದಳು. ಲ್ಯಾಬಿನಲ್ಲಿ ಇಬ್ಬರೇ ಇದ್ದಾಗ ಕೇಳಿದೆ, "ಮೇಡಂ, ನಾನು ಬಿಟ್ಟು ಹೋದ್ರೆ ನಿಮಗೆ ಪ್ರಾಬ್ಲಮ್ ಆಗ್ತದಾ?"

"ಆಗ್ತದ. ಮೀಟಿಂಗಿನ್ಯಾಗ ಎದ್ದು ನಿಂತು ಉತ್ತರ ಕೊಡಬೇಕು," ಎಂದರು ಅವರು, ಮುಚ್ಚಿಡದೆ. "ಆದ್ರ ಮನೀಗೆ ಹೋಗು ಅಂತ ಯಾರೂ ಹೇಳಿರಲಿಲ್ಲ." ಹಾಗೆಂದು ಎದ್ದು ಬಾಗಿಲು ಹಾಕಿ, ಕುರ್ಚಿ ಎಳೆದುಕೊಂಡು ಕೂತು ತೋಳು ಮೇಲೇರಿಸಿದರು. "ಬಾ, ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟು. ಬೆರಳಿಂದ ನರ ಹುಡುಕು. ಕಣ್ಣಿಂದ ಬ್ಯಾಡ."

ಮೊದಲ ಸಲ ತಪ್ಪಿತು. ಅವರು ಹಲ್ಲು ಕಚ್ಚಿದ್ದು ನನಗೆ ಕಂಡಿತು. "ಸೂಜಿ ತಗಿ. ಹತ್ತಿ ಒತ್ತಿ ಹಿಡಿ. ಈಗ ಈ ಕೈ," ಎಂದು ಇನ್ನೊಂದು ತೋಳು ಚಾಚಿದರು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು.

"ಎಂತ ಇದು? ಬಾಗಿಲು ಹಾಕಿ ಎಂತ ಮಾಡುದು ನೀವು?"

"ನಿಮ್ಮ ಮಗಳು ನನಗ ಚುಚ್ಚಾಕತ್ತಾಳ್ರಿ," ಎಂದರು ಮೇಡಂ.

ಅಮ್ಮ ಹತ್ತಿರ ಬಂದಳು. ಊದುತ್ತಿದ್ದ ಆ ತೋಳನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸಿರಿಂಜನ್ನು ನೋಡಿದಳು. ಮತ್ತೆ ಹೊರಗಿನ ಬೆಂಚಿಗೆ ಹೋದಳು. ಹೋಗುವಾಗ ಬಾಗಿಲು ಮಾತ್ರ ಪೂರ್ತಿ ಹಾಕಲಿಲ್ಲ.

ಆ ದಿನ ಎರಡನೆಯ ಸಲವೂ ಆಗಲಿಲ್ಲ. ಆ ವಾರ ಬೇರೆ ಟೀಚರುಗಳೂ ಒಬ್ಬೊಬ್ಬರಾಗಿ ಬಂದು ನನ್ನ ಮುಂದೆ ತೋಳು ಚಾಚಿದರು. ಯಾರು ಹೇಳಿ ಕಳಿಸಿದ್ದರೋ. ಕೊನೆಗೆ ಒಂದು ಮಧ್ಯಾಹ್ನ ಸಿರಿಂಜಿನೊಳಗೆ ರಕ್ತ ತಾನಾಗಿ ಏರಿತು. ನಾನು ಉಸಿರಾಡುವುದನ್ನೂ ಮರೆತು ನೋಡುತ್ತಾ ನಿಂತೆ.

ಲೋಕಲ್‌ನಲ್ಲಿ ಆ ವಾರವೆಲ್ಲ ನನ್ನ ಜೊತೆ ಬರುತ್ತಿದ್ದ ಅಮ್ಮನಿಗೆ ಹೇಳಿದೆ. ಅವಳು ಖುಷಿಪಟ್ಟಳು. ಆದರೆ ದಾದರ್ ದಾಟಿದ ಮೇಲೆ, "ಪರರ ಮಗಳಿಗೆ ಯಾರು ಹೀಗೆ ಕೈ ಕೊಡ್ತಾರೆ ಮಾರಾಯ್ತಿ? ಎಂತದೋ ಉಂಟು. ಮುಂದೆ ಕೇಳ್ತಾರೆ ನೋಡು," ಎಂದಳು.

ಮರುದಿನದಿಂದ ಅವಳು ಬರಲಿಲ್ಲ, ನಾನೊಬ್ಬಳೇ ಹೋದೆ. ಮೇಡಂ ಏನಾದರೂ ಕೇಳುತ್ತಾರೆಂದು ನಾವಿಬ್ಬರೂ ವರ್ಷವಿಡೀ ಕಾದೆವು. ಅವರು ಕೇಳಿದ್ದು ಪ್ರಾಕ್ಟಿಕಲ್ ಪರೀಕ್ಷೆಯ ಪ್ರಶ್ನೆಗಳನ್ನು ಮಾತ್ರ. ನಾನು ಪಾಸಾದೆ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ಅದನ್ನು ಹೇಳಲು ಪೇಡೆಯ ಡಬ್ಬ ಹಿಡಿದು ಹೋದಾಗ ಮೇಡಂ ಕಾಲೇಜು ಬಿಟ್ಟು ಪುಣೆಗೆ ಹೋಗಿದ್ದಾರೆ ಎಂದು ಆಫೀಸಿನಲ್ಲಿ ಹೇಳಿದರು. ಪೇಡೆಯನ್ನು ಸ್ಟಾಫ್ ರೂಮಿನಲ್ಲಿ ಹಂಚಿ ಬಂದೆ.