ಎರಡು ಗುಟುಕಿನ ಕುಡಿಕೆ

ಕೋಲ್ಕತ್ತದ ಲೇಕ್ ಮಾರ್ಕೆಟ್‌ನಲ್ಲಿ, ತಮ್ಮನ ಇಡ್ಲಿ ಹೋಟೆಲಿನ ಎದುರಿಗಿರುವ ಚಹಾದಂಗಡಿಯ ಬೆಂಚಿನಲ್ಲಿ ಕುಳಿತಿದ್ದೆ. ಕೂಲ್‌ಡ್ರಿಂಕ್ಸ್‌ನ ದೊಡ್ಡ ಬಾಟಲಿಗಳ ಮಾರಾಟವನ್ನು ಸರ್ಕಾರ ನಿಲ್ಲಿಸಬೇಕೇ ಎಂದು ಪಕ್ಕದಲ್ಲಿ ವಾದ ನಡೆದಿತ್ತು. “ನಾವೆಷ್ಟು ಕುಡಿಯಬೇಕೆಂದು ಹೇಳಲು ಅವರು ಯಾರು?” ಎಂದು ಒಬ್ಬರು ಹಿಂದಿಯಲ್ಲಿ ರೇಗಿದರು. ಅವರ ಕೈಯಲ್ಲಿದ್ದದ್ದು ಎರಡು ಗುಟುಕು ಚಹಾ ಹಿಡಿಯುವ ಮಣ್ಣಿನ ಕುಡಿಕೆ. ಅದು ಚಿಕ್ಕದಾಯಿತೆಂದು ಇಲ್ಲಿ ಯಾರೂ ಜಗಳವಾಡುವುದಿಲ್ಲ.

ಕುಡಿಯುವುದು ಅವರವರ ಇಷ್ಟ ಎಂದು ನಾನೂ ಹೇಳುತ್ತಿದ್ದವಳೇ. ಸಕ್ಕರೆ ಕಾಯಿಲೆಯಿಂದ ತಮ್ಮನ ಕಾಲಿನ ಒಂದು ಬೆರಳನ್ನೇ ತೆಗೆದಿದ್ದಾರೆ. ಆದರೂ ಅವನು ಕೇಳಿದನೆಂದು ನಿನ್ನೆ ಕೂಲ್‌ಡ್ರಿಂಕ್ಸ್‌ನ ಲೀಟರ್ ಬಾಟಲಿಯೊಂದನ್ನು ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟೆ. ಅಷ್ಟನ್ನೂ ಕುಡಿದ. ಇವತ್ತು ಬೆಳಿಗ್ಗೆ ಸಕ್ಕರೆ ಏರಿದ್ದನ್ನು ಕಂಡು ಅವನ ಹೆಂಡತಿ, ತನ್ನ ಅಡುಗೆಯದೇ ತಪ್ಪೆಂದು ಅತ್ತಳು. ನಾನು ಬಾಟಲಿಯ ಮಾತೆತ್ತದೆ ಇಲ್ಲಿಗೆ ಎದ್ದು ಬಂದೆ.

ತಮ್ಮ ಕುಂಟುತ್ತ ಬಂದು ಪಕ್ಕದಲ್ಲಿ ಕುಳಿತ. “ಅಕ್ಕ, ಇವತ್ತೂ ಒಂದು ಬಾಟ್ಲಿ ತಾ.”

ಸಕ್ಕರೆಯಿಲ್ಲದ ಚಹಾದ ಕುಡಿಕೆಯನ್ನು ಅವನ ಕೈಗಿಟ್ಟೆ.

“ಎಂತ, ನೀನೂ ಸರ್ಕಾರ ಆದ್ಯಾ?”

“ಹೌದು ಮಾರಾಯ. ಇದನ್ನು ಕುಡಿ, ಮನೆಗೆ ಹೋಗುವ. ಬಾಟ್ಲಿ ತಂದದ್ದು ನಾನು ಅಂತ ನಿನ್ನೆದುರೇ ಅವಳಿಗೆ ಹೇಳ್ತೇನೆ.”

ಅವನು ಎರಡನೆಯ ಗುಟುಕನ್ನು ಬಹಳ ಹೊತ್ತು ಉಳಿಸಿಕೊಂಡ. ನಾನು ಎದ್ದು ನಿಂತು ಕಾದೆ.