ಮುಂಬೈ ಬಂದರಿನಲ್ಲಿ ನಿಂತ ಮೊಣಕಾಲು

ವಿದ್ಯಾನಗರದ ಓಣಿಯೊಂದರಲ್ಲಿ ನನ್ನ ಅಣ್ಣ ಕೃತಕ ಕಾಲು ಮಾಡುತ್ತಿದ್ದ. ಕಾಗದಪತ್ರ, ಫೋನು ನನ್ನ ಪಾಲಿಗೆ. ಗಬ್ಬೂರಿನ ಹತ್ತಿ ವ್ಯಾಪಾರದ ಮನೆಯ ಹೆಣ್ಣುಮಗಳೊಬ್ಬರು ಬೈಪಾಸಿನ ಅಪಘಾತದಲ್ಲಿ ಬಲಗಾಲನ್ನು ತೊಡೆಯವರೆಗೆ ಕಳೆದುಕೊಂಡು ನಮ್ಮಲ್ಲಿಗೆ ಬಂದರು. ಇಲ್ಲಿ ಸಿಗುವ ಮೊಣಕಾಲಿನ ಕೀಲು ಹಾಕಿ ನಡೆಸಿದರೆ ಮತ್ತೆ ಮತ್ತೆ ಬೀಳುತ್ತಿದ್ದರು. ಅಣ್ಣ ಅವರಿಗಾಗಿ, ಇನ್ನೂ ಕೆಲವರಿಗಾಗಿ ಹೊರದೇಶದಿಂದ ಕೀಲು ತರಿಸಿದ.

ಪೆಟ್ಟಿಗೆ ಮುಂಬೈ ಬಂದರಿನಲ್ಲಿ ನಿಂತಿತು. ಇದು ಕೃತಕ ಅಂಗದ ಭಾಗವಲ್ಲ, ಯಂತ್ರದ ಬಿಡಿಭಾಗ, ಸುಂಕ ಹೆಚ್ಚು ಎಂದರು ಕಸ್ಟಮ್ಸ್‌ನವರು. ನಾವು ತೋರಿಸಿದ ಬೆಲೆ ತೀರಾ ಕಡಿಮೆಯೆಂದು ಅದನ್ನೂ ನಂಬಲಿಲ್ಲ. ಹಳೆಯ ಮಾದರಿಯೆಂದು ತಯಾರಕರು ರಿಯಾಯಿತಿ ಕೊಟ್ಟಿದ್ದರು, ಅಷ್ಟೇ. ಬ್ಯಾಂಕ್ ಗ್ಯಾರಂಟಿ ಕೊಟ್ಟು ಮಾಲು ಬಿಡಿಸಿಕೊಳ್ಳುವ ಶಕ್ತಿ ಅಣ್ಣನಿಗಿರಲಿಲ್ಲ. ಮೇಲ್ಮನವಿ ಹಾಕಿದೆವು.

ವಿಚಾರಣೆಗೆ ನಾನೂ ಹೋಗಿದ್ದೆ. ಅಧಿಕಾರಿ ಕೆಟ್ಟವರಲ್ಲ. ಪೆಟ್ಟಿಗೆಯಿಂದ ತರಿಸಿದ ಒಂದು ಕೀಲನ್ನು ತಿರುಗಿಸಿ ನೋಡಿ, ಬೇರೆ ಯಂತ್ರಕ್ಕೆ ಇದು ಕೂರುವುದಿಲ್ಲವೆಂದು ಹೇಗೆ ನಂಬಲಿ ಎಂದು ಹಿಂದಿಯಲ್ಲಿ ಕೇಳಿದರು. ಅಣ್ಣ ತನ್ನ ಮೊಣಕಾಲಿನ ಪಕ್ಕಕ್ಕೆ ಹಿಡಿದು ತೋರಿಸಿದ. ಅವರು ಏನೋ ಬರೆದುಕೊಂಡು ಮುಂದಿನ ತಾರೀಖು ಕೊಟ್ಟರು.

ಗಬ್ಬೂರಿನಿಂದ ಫೋನು ಬರುತ್ತಿತ್ತು.

“ತಂಗೆವ್ವಾ, ನನ್ನ ಮೊಣಕಾಲು ಇನ್ನೂ ಮುಂಬೈದಾಗ ಐತೇನು?”

“ಐತ್ರಿ ಅಕ್ಕಾರ. ಲಗೂ ಬರತೈತ್ರಿ.”

ಮೊದಮೊದಲು ನಗುತ್ತ ಕೇಳುತ್ತಿದ್ದರು. ಬರಬರುತ್ತ ಫೋನು ಮಾಡುವುದನ್ನೇ ಬಿಟ್ಟರು.

ಕೊನೆಗೆ ಆದೇಶ ನಮ್ಮ ಪರವಾಗಿಯೇ ಬಂತು. ಕೀಲು ತೆಗೆದುಕೊಂಡು ಗಬ್ಬೂರಿಗೆ ಹೋದೆವು. ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತು ಅವರ ಸೊಂಟ ಬಿಗಿದುಹೋಗಿತ್ತು. ತೊಡೆ ನೇರವಾಗುತ್ತಿರಲಿಲ್ಲ; ಹಾಗಿದ್ದರೆ ಕೃತಕ ಕಾಲು ಹಾಕಿ ನಿಲ್ಲಲಾಗದು. ಅಣ್ಣ ಮೆಲ್ಲಗೆ ಒತ್ತಿ ನೋಡಿದ. ಅವರು ಹಲ್ಲು ಕಚ್ಚಿ ಮುಖ ತಿರುಗಿಸಿದರು.

“ದಿನಾ ವ್ಯಾಯಾಮ ಮಾಡಿದ್ರ ಸಡಲ ಆದೀತ್ರಿ,” ಎಂದ ಅಣ್ಣ. ಆದೀತೆಂಬ ನಂಬಿಕೆ ಅವನ ದನಿಯಲ್ಲಿರಲಿಲ್ಲ.

ಅವರು ಕೀಲನ್ನು ಕೈಗೆ ತೆಗೆದುಕೊಂಡು ಮಡಚಿದರು, ಚಾಚಿದರು. “ಛಲೋ ಐತ್ರಿ. ಬ್ಯಾರೆ ಯಾರಿಗರೆ ಹಚ್ರಿ. ನನಗ ಕುಂತ ರೂಢಿ ಆಗೇತಿ.”

ಅವರ ಸೊಸೆ ಚಹಾ ತಂದಳು. ಕುಡಿದು, ಕೀಲನ್ನು ಮತ್ತೆ ಪೆಟ್ಟಿಗೆಗೆ ಹಾಕಿಕೊಂಡು ಎದ್ದೆವು.

ಆ ಕೀಲು ಕಲಘಟಗಿ ಕಡೆಯ ಲಾರಿ ಚಾಲಕನೊಬ್ಬನಿಗೆ ಹೋಯಿತು. ಅವನು ಓಣಿಯುದ್ದಕ್ಕೂ ನಡೆದು ತೋರಿಸಿದ ದಿನ ಅಣ್ಣ ಒಳಗೇ ಉಳಿದ. ಕರೆದರೂ ಹೊರಗೆ ಬರಲಿಲ್ಲ. ಆಮೇಲೆ ಅವನು ಹೊರದೇಶದ ಮಾಲು ತರಿಸಲಿಲ್ಲ. ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರು ಬಂದರೆ ಬೆಳಗಾವಿಯಲ್ಲಿ ಕಾಲು ಮಾಡುವ ಇನ್ನೊಬ್ಬರ ವಿಳಾಸ ಬರೆದುಕೊಟ್ಟು ಕಳಿಸುತ್ತಾನೆ.