ಹೊಸ್ತಿಲ ಬಳಿ ಇಟ್ಟು ಹೋದ ಚಪ್ಪಲಿ

ನಮ್ಮ ಮನೆಗೆ ಹಾಲು ತರುವ ಹುಡುಗಿ ಸರಿಯಾಗಿ ಆರಕ್ಕೆ ಬರುತ್ತಾಳೆ. ಕಾರ್ಖಾನೆಯ ಸೈರನ್ನಿಗೆ ಎದ್ದು ಕೂತು ವಯಸ್ಸು ಕಳೆದ ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಅದಕ್ಕೇ. ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ, ಹಾಲು ಅಳೆದು ಕೊಟ್ಟವಳು ಹೋಗದೆ ನಿಂತಳು.

"ಸಾರ್, ಭಾನುವಾರ ನನ್ ಜೊತೆ ಬಂಗಾರಪೇಟೆಗೆ ಬತ್ತೀರಾ? ಎಲ್ಡು ಸಲ ಓದೆ, ಬಾಗ್ಲಲ್ಲೇ ಕಳಿಸ್ಬುಟ್ರು. ದೊಡ್ಡೋರು ಇದ್ರೆ ಒಳಕ್ಕೆ ಕರೀತಾರೆ."

ವಿಷಯ ಇದು. ಅವಳ ತಾತ ಇಲ್ಲಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಅವಳ ತಾಯಿ ಕೈಗೂಸಾಗಿದ್ದಾಗ, ತಮ್ಮ ವಾರದ ರಜೆಯ ದಿನ, ಕೆಲಸವಿದೆ ಎಂದು ಹೆಂಡತಿಗೆ ಹೇಳಿ ಹೊರಟರು. ತಿರುಗಿ ಬರಲಿಲ್ಲ. ಅದೇ ದಿನ ಕೆಳಗೆ ಬಂಡೆ ಕುಸಿದು ಒಂದು ಸುರಂಗ ಮುಚ್ಚಿತ್ತು. ಆದರೆ ಕೆಳಗಿಳಿಯುವವರು ತಮ್ಮ ಹೆಸರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡೇ ಇಳಿಯಬೇಕು, ಮತ್ತು ತಾತನ ಬಿಲ್ಲೆ ಗೂಟದಲ್ಲೇ ತೂಗುತ್ತಿತ್ತು. ಗಣಿಯ ಲೆಕ್ಕದಲ್ಲಿ ಯಾರೂ ಕಡಿಮೆಯಿರಲಿಲ್ಲ. ಮನೆಯಲ್ಲಿ ಒಬ್ಬರು ಕಡಿಮೆಯಾಗಿದ್ದರು. ಹೆಂಡತಿಗೆ ಸುಳ್ಳು ಹೇಳಿ ಯಾರ ಜೊತೆಗೋ ಓಡಿಹೋದ ಎಂದು ಬೀದಿ ತೀರ್ಮಾನಿಸಿತು. ಮನೆಯೆದುರಿನ ಬೀದಿ ನಲ್ಲಿಯ ಬಳಿ ಅಜ್ಜಿಯನ್ನು ಆಡಿಕೊಳ್ಳುವುದು ವರ್ಷಗಟ್ಟಲೆ ನಡೆಯಿತು.

ಮಾರನೆಯ ಬೆಳಿಗ್ಗೆ ತಾತನ ಚಪ್ಪಲಿ ಹೊಸ್ತಿಲ ಬಳಿ ಇತ್ತಂತೆ. ಅದನ್ನು ಇಟ್ಟು ಹೋದವನು ತಾತನ ಜೊತೆಗಾರ ಎಂದು ಪಕ್ಕದ ಮನೆಯ ಮುದುಕಿ ಇತ್ತೀಚೆಗಷ್ಟೇ ಬಾಯಿ ಬಿಟ್ಟಿದ್ದಳು. ಆತ ಈಗ ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದ.

ಭಾನುವಾರ ಕೋರಮಂಡಲ್ ನಿಲ್ದಾಣದಲ್ಲಿ ರೈಲು ಹತ್ತಿದೆವು. ಬಾಗಿಲು ತೆಗೆದ ಮುದುಕರು ನನ್ನ ಇಸ್ತ್ರಿ ಷರ್ಟು ನೋಡಿ, "ಬ್ಯಾಂಕಿನೋರಾ? ಅಳೀಮಯ್ಯ ಊರಲ್ಲಿಲ್ಲ" ಎಂದರು.

 ಹುಡುಗಿ ಚೀಲದಿಂದ ತಾತನ ಹಳೆಯ ಚಪ್ಪಲಿ ತೆಗೆದು ಅವರ ಹೊಸ್ತಿಲ ಬಳಿ ಜೋಡಿಸಿಟ್ಟಳು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಳಿತರು.

"ಅವತ್ತು ನಂಗೆ ಜ್ವರ ಕಣಮ್ಮ. ಇನ್ನೊಂದು ದಿನ ತಪ್ಸಿದ್ರೆ ಕೆಲ್ಸ ಓಗ್ತಿತ್ತು. 'ನಿನ್ ಬಿಲ್ಲೆ ತಕ್ಕೊಂಡು ನಾನು ಇಳೀತೀನಿ, ಮಲಿಕ್ಕೋ ಓಗ್ಲಾ' ಅಂದ ನಿಮ್ ತಾತ. ನನ್ ಬೂಟ್ ಆಕ್ಕೊಂಡು ಚಪ್ಪಲಿ ನಮ್ಮನೇಲೇ ಬಿಟ್ಟೋಗಿದ್ದ."

"ಕುಸಿದ್ಮೇಲೆ?"

"'ಕುಸಿಯೋಕ್ ಮುಂಚೇನೇ ನಾನು ಮೇಲಕ್ಕೆ ಬಂದಿದ್ದೆ, ಬಿಲ್ಲೆ ಕಳೆದೋಯ್ತು' ಅಂತ ಸುಳ್ಳೇಳ್ದೆ. ನಿಜ ಏಳಿದ್ರೆ ನಮ್ಮನೆ ಬೀದೀಗೆ ಬೀಳ್ತಿತ್ತು."

"ನಮ್ಮನೆ ಬಿತ್ತಲ್ಲ ತಾತ."

ಹುಡುಗಿಯೇ ಮುಂದುವರಿಸಿದಳು. "ಪೊಲೀಸು ಗಿಲೀಸು ಬ್ಯಾಡ. ಅಜ್ಜಿ ಮೇಲಕ್ಕೇಳೋ ಅಂಗಿಲ್ಲ, ಎಷ್ಟು ದಿನಾನೋ. ಬಂದು ಒಂದು ಮಾತು ಏಳಿ."

ಅವರು ನನ್ನ ಮುಖ ನೋಡಿದರು. ಮುಂದಿನ ರೈಲು ಎಷ್ಟು ಹೊತ್ತಿಗೆ ಎಂದು ನಾನು ಹೇಳಿದೆ. ಒಳಗೆ ಹೋಗಿ ಷರ್ಟು ಹಾಕಿಕೊಂಡು ಬಂದರು. ದಾರಿಯುದ್ದಕ್ಕೂ ಚಪ್ಪಲಿಯ ಚೀಲ ಅವರ ತೊಡೆಯ ಮೇಲೇ ಇತ್ತು.

ಅಜ್ಜಿ ಬಾಗಿಲ ಪಕ್ಕದ ಮಂಚದಲ್ಲಿ ಒರಗಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಮುದುಕರು ನಿಂತೇ ಎಲ್ಲವನ್ನೂ ಹೇಳಿದರು. ಅಜ್ಜಿಯ ಕೈ ನಿಲ್ಲಲಿಲ್ಲ. ಕೊನೆಗೆ ಮೊರವನ್ನು ಪಕ್ಕಕ್ಕಿಟ್ಟರು.

"ನಂಗ್ಯಾಕೆ ಏಳ್ತೀಯ? ಅವ್ನು ಓಡೋಗೋನಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ನೀರು ಬರೋ ಒತ್ತಾಯ್ತು. ಓಗು, ನಲ್ಲೀ ಅತ್ರ ನಿಂತ್ಕೊಂಡು ಏಳು. ನನ್ನ ಆಡ್ಕೊಂಡಿದ್ದು ಅಲ್ಲೇ."

ನೀರು ಆ ದಿನ ತಡವಾಗಿ ಬಂತು. ಬಿಂದಿಗೆಗಳ ಸಾಲಿನ ಪಕ್ಕದಲ್ಲಿ ಮುದುಕರು ಕಾದರು. ಹುಡುಗಿ ಮನೆಯಿಂದ ಸ್ಟೂಲು ತಂದರೂ ಕೂರಲಿಲ್ಲ. ಹೆಂಗಸರು ಸೇರಿದ ಮೇಲೆ ಶುರುಮಾಡಿದರು.  ಹೇಳಿ ಮುಗಿಸಿದಾಗ ಬಿಂದಿಗೆಯೊಂದು ತುಂಬಿ ಹರಿಯುತ್ತಿತ್ತು.

ಬಾಗಿಲ ಕಡೆಯಿಂದ ಅಜ್ಜಿಯ ದನಿ ಕೇಳಿಸಿತು. "ಇಂದ್ಗಡೆ ಇರೋರ್ಗೆ ಕೇಳಿಸಿರಾಕಿಲ್ಲ. ಇನ್ನೊಂದ್ಸಲ ಏಳ್ಸು ಮಗಾ."

ಹುಡುಗಿ ನಲ್ಲಿ ನಿಲ್ಲಿಸಿದಳು. ಮುದುಕರು ಮೊದಲಿನಿಂದ ಮತ್ತೆ ಹೇಳಿದರು.